ಒಂದು ನಟ್ಟಿನ ಮೇಲೆ ಎರಡು ಸೇತುವೆ

ಹೊಸ ಹೋಟೆಲೊಂದು ತೆರೆಯಿತೆಂದರೆ ಊರವರೆಲ್ಲ ಒಮ್ಮೆ ಹೋಗಿ ನೋಡಿ ಬರುವುದು ಬೀಳಗಿಯಂಥ ಊರುಗಳಲ್ಲಿ ವಾಡಿಕೆ. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ, ಕಾಲಿಟ್ಟರೆ ಜಾರುವಂಥ ನುಣುಪಾದ ಫರಸಿ, ಗೋಡೆಯುದ್ದಕ್ಕೂ ಕನ್ನಡಿ. ಹೋದವರು ಮರುದಿನ ಚಹಾದ ರುಚಿ ಹೇಳುತ್ತಾರೆ, ಪುರಿಯ ಗಾತ್ರ ಹೇಳುತ್ತಾರೆ, ದರ ತುಸು ಹೆಚ್ಚಾಯಿತೆಂದು ಗೊಣಗುತ್ತಾರೆ. ತಲೆಯ ಮೇಲಿನ ಸ್ಲ್ಯಾಬು ಎಷ್ಟು ದಪ್ಪ, ಅದನ್ನು ಹೊತ್ತ ಕಂಬ ಎಲ್ಲಿ ಕೊನೆಗೊಳ್ಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಸಿಟ್ಟೂ ಬಂದೀತು. ಶುಭದಿನದಂದು ಅಪಶಕುನದ ಮಾತೇಕೆ?

ಆದರೆ ಕೇಳಬೇಕಾದ ಮಾತು ಅದೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ನಡುವೆ ಇರುವ ಈ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಎಷ್ಟೋ ಊರುಗಳು ಜಾಗ ಬದಲಿಸಿದವು. ಹಳೆಯ ಬಾಗಲಕೋಟೆಯ ಪಕ್ಕದಲ್ಲಿ ನವನಗರವೇ ಎದ್ದಿತು. ವಿಜಯಪುರದಿಂದ ಕೊಲ್ಹಾರದ ಸೇತುವೆ ದಾಟಿ ಬರುವ ಹೆದ್ದಾರಿಯ ಬದಿಗೆ ಖಾನಾವಳಿ, ಲಾಡ್ಜು, ಮಂಗಲ ಕಾರ್ಯಾಲಯಗಳು ಎದ್ದಿವೆ, ಇನ್ನೂ ಏಳುತ್ತಿವೆ. ಒಂದು ತಲೆಮಾರಿನೊಳಗೆ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆಯಿಂದ ನೇರವಾಗಿ ಸಿಮೆಂಟು ಕಾಂಕ್ರೀಟಿಗೆ ಜಿಗಿದ ಸೀಮೆ ಇದು. ಹಳೆಯ ಮನೆಗೆ ಎಷ್ಟು ಮಣ್ಣು ಹಾಕಬೇಕು, ಯಾವ ತೊಲೆಗೆ ಎಷ್ಟು ಭಾರ ಎಂಬುದು ಮನೆಯ ಹಿರಿಯರಿಗೆ ಗೊತ್ತಿತ್ತು. ಹೊಸ ಕಟ್ಟಡದ ಲೆಕ್ಕ ಕಾಗದದ ಮೇಲಿರುತ್ತದೆ. ಆ ಕಾಗದದಲ್ಲಿ ಒಂದು ಗೆರೆ ಅತ್ತಿತ್ತ ಆದರೆ ಏನಾಗುತ್ತದೆಂಬುದಕ್ಕೆ ಜಗತ್ತಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಹೇಳಿಕೊಡುವ ಪಾಠವೊಂದಿದೆ. ಅದೂ ಒಂದು ಹೊಸ ಹೋಟೆಲಿನದೇ.

ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಹಯಾತ್ ರೀಜೆನ್ಸಿ ಎಂಬ ಹೋಟೆಲು 1980ರ ಜುಲೈಯಲ್ಲಿ ತೆರೆಯಿತು. ನಮ್ಮ ಕಡೆಯ ವಾಡೆಗಳ ನಡುವೆ ಅಂಗಳವಿರುವಂತೆ ಅದರ ನಡುವೆಯೂ ವಿಶಾಲವಾದ ಅಂಗಳ. ಆದರೆ ಮೇಲೆ ಎತ್ತರದಲ್ಲಿ ಛಾವಣಿ. ಅಂಗಳದ ಒಂದು ಬದಿಯ ಕೋಣೆಗಳಿಂದ ಇನ್ನೊಂದು ಬದಿಯ ಸಭಾಭವನಗಳಿಗೆ ಹೋಗಲು ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ಅಂತಸ್ತುಗಳಲ್ಲಿ ಒಂದೊಂದು ತೂಗುಸೇತುವೆ. ಒಂದೊಂದೂ ಸುಮಾರು 37 ಮೀಟರ್ ಉದ್ದ, 29 ಟನ್ ತೂಕ. ಕೆಳಗೆ ಆನಿಸಿದ ಕಂಬಗಳಿಲ್ಲ. ಛಾವಣಿಯಿಂದ ಇಳಿಬಿಟ್ಟ ಉಕ್ಕಿನ ಸರಳುಗಳೇ ಆಧಾರ. ನಾಲ್ಕನೆಯ ಅಂತಸ್ತಿನ ಸೇತುವೆಯ ನೇರ ಕೆಳಗೆ ಎರಡನೆಯದು. ಮೂರನೆಯದು ಬೇರೆಯಾಗಿ ಪಕ್ಕಕ್ಕೆ ತೂಗುತ್ತಿತ್ತು. ನೋಡಿದವರಿಗೆ ಸೇತುವೆಗಳು ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದವು.

1981ರ ಜುಲೈ 17, ಶುಕ್ರವಾರ ಸಂಜೆ. ಅಂಗಳದಲ್ಲಿ ವಾದ್ಯಮೇಳ, ನೃತ್ಯಸ್ಪರ್ಧೆ. ಸುಮಾರು 1,600 ಜನ ಸೇರಿದ್ದರು. ನೋಡಲು ಅನುಕೂಲವೆಂದು ಎರಡನೆಯ ಅಂತಸ್ತಿನ ಸೇತುವೆಯ ಮೇಲೆ ಸುಮಾರು ನಲವತ್ತು ಜನ ನಿಂತಿದ್ದರು. ನಾಲ್ಕನೆಯದರ ಮೇಲೆ ಇಪ್ಪತ್ತರೊಳಗೆ. ಏಳು ಗಂಟೆ ಹೊಡೆದು ಐದು ನಿಮಿಷವಾಗಿತ್ತು. ನಾಲ್ಕನೆಯ ಅಂತಸ್ತಿನ ಸೇತುವೆ ಸರಳುಗಳಿಂದ ಕಳಚಿ ಎರಡನೆಯದರ ಮೇಲೆ ಬಿತ್ತು. ಎರಡೂ ಕೂಡಿ ಕೆಳಗೆ ನಿಂತವರ ಮೇಲೆ ಬಿದ್ದವು. 114 ಜನ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅವಶೇಷಗಳ ಕೆಳಗೆ ಸಿಕ್ಕವರನ್ನು ಹೊರತೆಗೆಯುವ ಕೆಲಸ ರಾತ್ರಿಯಿಡೀ ನಡೆಯಿತು. ಹೋಟೆಲಿಗೆ ಆಗ ಒಂದೇ ವರ್ಷ ವಯಸ್ಸು.

ಕುಣಿತದ ಲಯಕ್ಕೆ ಸೇತುವೆ ತೂಗಾಡಿ ಬಿತ್ತೆಂಬ ಊಹೆ ಮೊದಮೊದಲು ಹಬ್ಬಿತು. ಅನುರಣನದ ಪಾಠ ಓದಿದ ವಿದ್ಯಾರ್ಥಿಗಳಿಗೂ ಮೊದಲು ಹೊಳೆಯುವುದು ಅದೇ. ಆದರೆ ಸೇತುವೆಯ ಮೇಲಿದ್ದವರಲ್ಲಿ ಹೆಚ್ಚಿನವರು ಸುಮ್ಮನೆ ನಿಂತು ನೋಡುತ್ತಿದ್ದರು. ಕಾರಣ ಬೇರೆಯೇ ಇತ್ತು, ತೀರ ಸಣ್ಣದಾಗಿತ್ತು. ಅದನ್ನು ಮೊದಲು ಬಹಿರಂಗಪಡಿಸಿದ್ದು ಒಂದು ಪತ್ರಿಕೆ ಎಂಬುದು ಪತ್ರಿಕೆ ಓದುವವರು ಹೆಮ್ಮೆಪಡಬೇಕಾದ ಸಂಗತಿ. ಊರಿನ 'ಕ್ಯಾನ್ಸಸ್ ಸಿಟಿ ಸ್ಟಾರ್' ಪತ್ರಿಕೆ ಒಬ್ಬ ಎಂಜಿನಿಯರರನ್ನು ಗೊತ್ತುಮಾಡಿ, ಮೂಲ ನಕ್ಷೆಯನ್ನೂ ಬಿದ್ದ ಸೇತುವೆಯನ್ನೂ ಹೋಲಿಸಿ ನೋಡಿಸಿತು. ಎರಡಕ್ಕೂ ತಾಳೆಯಾಗಲಿಲ್ಲ. ಆ ವರದಿಗಾರಿಕೆಗಾಗಿ ಅದಕ್ಕೂ ಅದರ ಜೊತೆಯ 'ಟೈಮ್ಸ್' ಪತ್ರಿಕೆಗೂ 1982ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಮೂಲ ನಕ್ಷೆಯಲ್ಲಿ ಇದ್ದುದು ಹೀಗೆ. ಛಾವಣಿಯಿಂದ ಕೆಳಗಿನ ಸೇತುವೆಯವರೆಗೆ ಒಂದೇ ಉದ್ದನೆಯ ಸರಳು. ಅಂಥವು ಆರು, ಹೆಬ್ಬೆರಳಿಗಿಂತ ತುಸು ದಪ್ಪ, 32 ಮಿಲಿಮೀಟರ್. ಪ್ರತಿ ಸರಳೂ ಮೇಲಿನ ಸೇತುವೆಯ ತೊಲೆಯನ್ನು ತೂರಿಕೊಂಡು ಕೆಳಗಿನ ಸೇತುವೆಯ ತೊಲೆಗೆ ಹೋಗಬೇಕು. ಒಂದೊಂದು ತೊಲೆಯ ಕೆಳಗೂ ಒಂದು ನಟ್ಟು. ಅದೇ ತೊಲೆಯನ್ನು ಹಿಡಿದು ನಿಲ್ಲಿಸುವುದು.

ಇದರಲ್ಲಿ ತಯಾರಕರಿಗೆ ಒಂದು ತೊಡಕು ಕಂಡಿತು. ಸರಳಿನ ನಡುಭಾಗದಲ್ಲಿ ನಟ್ಟು ಕೂರಬೇಕಾದರೆ ಕೆಳತುದಿಯಿಂದ ಅಲ್ಲಿಯವರೆಗೂ ಮರೆ ಕೊರೆಯಬೇಕು. ಅಷ್ಟುದ್ದ ಕೊರೆದ ಮರೆ ಸರಳನ್ನು ಎತ್ತಿ ಕೂರಿಸುವಾಗ ಹಾಳಾಗದೆ ಉಳಿಯುವುದು ಕಷ್ಟ. ಅದಕ್ಕೆ ಅವರು ಸೂಚಿಸಿದ ಉಪಾಯ ಸರಳವಾಗಿತ್ತು: ಒಂದು ಉದ್ದ ಸರಳಿನ ಬದಲು ಎರಡು ಗಿಡ್ಡ ಸರಳು. ಒಂದು ಛಾವಣಿಯಿಂದ ಮೇಲಿನ ಸೇತುವೆಗೆ. ಇನ್ನೊಂದು ಅದರ ಪಕ್ಕದಲ್ಲೇ ಮೇಲಿನ ಸೇತುವೆಯಿಂದ ಕೆಳಗಿನ ಸೇತುವೆಗೆ. ನೋಡಲು ಏನೂ ವ್ಯತ್ಯಾಸವಿಲ್ಲ. ಉಕ್ಕೂ ಅಷ್ಟೇ, ನಟ್ಟೂ ಅದೇ.

ವ್ಯತ್ಯಾಸ ಎಲ್ಲಿದೆ ಎಂಬುದನ್ನು ಬಾವಿಯ ಹಗ್ಗದಿಂದ ತಿಳಿಯಬಹುದು. ಒಂದು ಗಟ್ಟಿ ಹಗ್ಗಕ್ಕೆ ಇಬ್ಬರು ಹುಡುಗರು ಒಬ್ಬರ ಕೆಳಗೊಬ್ಬರು ಜೋತುಬಿದ್ದಿದ್ದಾರೆ. ಹಗ್ಗದ ಮೇಲೆ ಇಬ್ಬರ ಭಾರವೂ ಇದೆ, ನಿಜ. ಆದರೆ ಮೇಲಿನ ಹುಡುಗನ ಕೈಗಳು ಹಿಡಿದಿರುವುದು ಅವನ ಭಾರವನ್ನು ಮಾತ್ರ. ಈಗ ಕೆಳಗಿನ ಹುಡುಗ ಹಗ್ಗ ಬಿಟ್ಟು ಮೇಲಿನವನ ಕಾಲಿಗೆ ಇನ್ನೊಂದು ಹಗ್ಗ ಕಟ್ಟಿ ಅದಕ್ಕೆ ಜೋತುಬಿದ್ದನೆನ್ನಿ. ಮೇಲಿನ ಹಗ್ಗಕ್ಕೆ ಮೊದಲಿನಷ್ಟೇ ಭಾರ. ಆದರೆ ಮೇಲಿನ ಹುಡುಗನ ಕೈಗಳು ಈಗ ಇಬ್ಬರನ್ನೂ ಹಿಡಿಯಬೇಕು. ಹಗ್ಗ ಹರಿಯುವುದಿಲ್ಲ, ಕೈ ಜಾರುತ್ತದೆ. ಕ್ಯಾನ್ಸಸ್ ಸಿಟಿಯಲ್ಲಿಯೂ ಸರಳು ತುಂಡಾಗಲಿಲ್ಲ. ಮೇಲಿನ ಸೇತುವೆಯ ತೊಲೆಯ ಕೆಳಗಿದ್ದ ನಟ್ಟು ಎರಡು ಪಟ್ಟು ಭಾರ ತಾಳಲಾರದ ತೊಲೆಯನ್ನೇ ಸೀಳಿಕೊಂಡು ಮೇಲೆ ಬಂದುಬಿಟ್ಟಿತು. ಎರಡು ಉಕ್ಕಿನ ಪಟ್ಟಿಗಳನ್ನು ಎದುರುಬದುರಾಗಿಟ್ಟು ಬೆಸುಗೆ ಹಾಕಿದ ಪೊಳ್ಳು ತೊಲೆ ಅದು. ರಂಧ್ರ ಕೊರೆದದ್ದೂ ಬೆಸುಗೆಯ ಗೆರೆಯ ಮೇಲೆಯೇ.

ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ಹಳೆಯ ಲಗ್ನಪತ್ರಿಕೆಗಳಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ. ಪಟ್ಟಿಯ ಎರಡೂ ತುದಿಗೆ ಒಂದೊಂದು ರಂಧ್ರ ಮಾಡಿ, ಎರಡು ಉದ್ದನೆಯ ದಾರಗಳನ್ನು ಎರಡೂ ಪಟ್ಟಿಗಳಲ್ಲಿ ಪೋಣಿಸಿ, ಪ್ರತಿ ಪಟ್ಟಿಯ ಕೆಳಗೆ ಸಣ್ಣ ಗಂಟು ಹಾಕಿ ತೂಗುಬಿಡಿ. ಎರಡೂ ಪಟ್ಟಿಗಳ ಮೇಲೆ ಸಮನಾಗಿ ಉಸುಕಿನ ಪೊಟ್ಟಣಗಳನ್ನು ಇಡುತ್ತ ಹೋಗಿ, ಯಾವಾಗ ಗಂಟು ಕಾಗದವನ್ನು ಹರಿದು ಹೊರಬರುತ್ತದೆಂದು ಬರೆದಿಡಿ. ಅನಂತರ ಹೊಸ ಪಟ್ಟಿ ತೆಗೆದುಕೊಂಡು ದಾರವನ್ನು ತುಂಡರಿಸಿ, ಕೆಳಗಿನ ಪಟ್ಟಿಯನ್ನು ಮೇಲಿನ ಪಟ್ಟಿಗೇ ಬೇರೆ ರಂಧ್ರದಿಂದ ಕಟ್ಟಿ ಇದನ್ನೇ ಮಾಡಿ. ಈ ಸಲ ಸುಮಾರು ಅರ್ಧ ಉಸುಕಿಗೇ ಮೇಲಿನ ಪಟ್ಟಿ ಹರಿಯುತ್ತದೆ. ಹತ್ತನೆಯ ತರಗತಿಯವರು ಪ್ರತಿ ಗಂಟಿನ ಮೇಲಿನ ಬಲವನ್ನು ಬಾಣದ ಗುರುತಿನಿಂದ ಬರೆದರೆ ಕಾರಣ ತಾನೇ ಹೊರಬೀಳುತ್ತದೆ. ಐದು ನಿಮಿಷದ ಲೆಕ್ಕ. ಆ ಐದು ನಿಮಿಷ ಅಂದು ಯಾರೂ ಕೊಡಲಿಲ್ಲ.

ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಸಿಕ್ಕಿತೆಂದು ತಯಾರಕರು ಹೇಳಿದರು. ಎಂಜಿನಿಯರರು ಅದನ್ನು ಒಪ್ಪಲಿಲ್ಲ. ಆದರೆ ಬದಲಾದ ನಕ್ಷೆಯ ಮೇಲೆ ಎಂಜಿನಿಯರರ ಮುದ್ರೆ ಬಿದ್ದಿತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ತನಿಖೆ ನಡೆಸಿದಾಗ ಇನ್ನೂ ಬೇಸರದ ಸಂಗತಿ ಹೊರಬಂತು. ಮೂಲ ನಕ್ಷೆಯೇ ನಗರದ ನಿಯಮ ಕೇಳುವ ಬಲದ ಸುಮಾರು ಶೇಕಡಾ 60ರಷ್ಟನ್ನು ಮಾತ್ರ ಹೊಂದಿತ್ತು. ಬದಲಾವಣೆಯಾದ ಮೇಲೆ ಅದೂ ಅರ್ಧವಾಗಿ ಸುಮಾರು 30ಕ್ಕೆ ಇಳಿಯಿತು. ಅಂದರೆ ಸೇತುವೆಗಳು ತಮ್ಮ ಸ್ವಂತ ಭಾರವನ್ನು ಹೊರುವುದಕ್ಕಿಂತ ತುಸುವೇ ಹೆಚ್ಚಿನ ಬಲ ಉಳಿದಿತ್ತು. ಒಂದು ವರ್ಷ ನಿಂತದ್ದೇ ಆಶ್ಚರ್ಯ.

ಎಚ್ಚರಿಕೆಯ ಸೂಚನೆಗಳೂ ಇರಲಿಲ್ಲವೆಂದಲ್ಲ. ಕಟ್ಟುವಾಗಲೇ, 1979ರ ಅಕ್ಟೋಬರಿನಲ್ಲಿ, ಅಂಗಳದ ಛಾವಣಿಯ ಒಂದು ಭಾಗ ಕುಸಿದಿತ್ತು. ಆಗಲೂ ಈ ನಟ್ಟಿನ ಲೆಕ್ಕ ಯಾರ ಕಣ್ಣಿಗೂ ಬೀಳಲಿಲ್ಲ. ಸಾಮಾನು ತುಂಬಿದ ಕೈಗಾಡಿ ತಳ್ಳಿಕೊಂಡು ಹೋಗುವಾಗ ಸೇತುವೆ ಅಲುಗುತ್ತದೆಂದು ಕೂಲಿಕಾರರು ಹೇಳಿದ್ದರಂತೆ. ಅದಕ್ಕೆ ಸಿಕ್ಕ ಪರಿಹಾರ, ಕೈಗಾಡಿಗಳನ್ನು ಬೇರೆ ದಾರಿಯಲ್ಲಿ ಕಳಿಸಿದ್ದು. ಬೀಳಗಿ, ಹುನಗುಂದದ ಕಡೆಯಿಂದ ಪುಣೆಗೆ, ಗೋವೆಗೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರ ಮನೆಗಳಲ್ಲಿ ಈ ಮಾತು ಬೇಗ ಅರ್ಥವಾದೀತು. ಕೆಳಗೆ ನಿಂತು ಬುಟ್ಟಿ ಹೊರುವವನಿಗೆ ಮೊದಲು ತಿಳಿಯುತ್ತದೆ. ಅವನನ್ನು ಕೇಳುವವರು ಯಾರು? ಕೊನೆಗೆ ಹೊಣೆಗಾರ ಎಂಜಿನಿಯರರಿಬ್ಬರ ಪರವಾನಗಿಯನ್ನು ಮಿಸೌರಿ ರಾಜ್ಯ ರದ್ದುಮಾಡಿತು. ಅವರಲ್ಲಿ ಹಿರಿಯರಾದ ಜ್ಯಾಕ್ ಗಿಲ್ಲಮ್ ಮುಂದೆ ಎಂಜಿನಿಯರುಗಳ ಸಭೆಗಳಲ್ಲಿ ನಿಂತು ತಮ್ಮ ಈ ತಪ್ಪಿನ ಕುರಿತೇ ಮಾತನಾಡುತ್ತಿದ್ದರು. ಮಾಡಿದ ತಪ್ಪನ್ನು ಮರೆಮಾಚುವುದಕ್ಕಿಂತ ಅದು ಕಷ್ಟದ ಕೆಲಸ.

ಸ್ವಂತ ಭಾರದ ಮಾತು ಬಂದಾಗ ಸಿಂಗಪುರದ ಹೋಟೆಲನ್ನು ಬಿಡುವಂತಿಲ್ಲ. ಅದು ಹೊಸದಲ್ಲ, 1971ರಲ್ಲಿ ಕಟ್ಟಿದ ಆರು ಅಂತಸ್ತಿನ ಕಟ್ಟಡ. ಹೋಟೆಲ್ ನ್ಯೂ ವರ್ಲ್ಡ್ ಇದ್ದ ಆ ಕಟ್ಟಡ 1986ರ ಮಾರ್ಚ್ 15ರಂದು ಒಂದು ನಿಮಿಷದೊಳಗೆ ನೆಲಕ್ಕೆ ಕುಸಿಯಿತು. 33 ಜನ ಸತ್ತರು, 17 ಜನರನ್ನು ಜೀವಂತ ತೆಗೆದರು. ವಿಚಾರಣೆಯಲ್ಲಿ ಹೊರಬಿದ್ದದ್ದು ನಂಬಲಾಗದ ತಪ್ಪು. ಲೆಕ್ಕ ಹಾಕಿದವರು ಜನರ, ಸಾಮಾನಿನ ಭಾರವನ್ನು ಹಿಡಿದಿದ್ದರು. ಕಟ್ಟಡದ ಸ್ವಂತ ಭಾರವನ್ನೇ ಬಿಟ್ಟಿದ್ದರು! ಕಟ್ಟಿದ ದಿನದಿಂದಲೇ ಕಂಬಗಳು ಮಿತಿ ಮೀರಿ ಹೊರುತ್ತಿದ್ದವು. ಆ ಮೇಲೆ ಹೊರಗೋಡೆಗೆ ಟೈಲ್ಸು, ತಾರಸಿಗೆ ಹವಾನಿಯಂತ್ರಣದ ಯಂತ್ರ ಎಂದು ಒಂದೊಂದೇ ಸೇರುತ್ತ ಹೋದವು.

ಸ್ವಂತ ಭಾರವೆಂದರೆ ಎಷ್ಟು? ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2,500 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಪುಟ್ಟ ಕೋಣೆ, ಐದು ಅಂಗುಲದ ಸ್ಲ್ಯಾಬು ಎಂದರೂ ತಲೆಯ ಮೇಲೆ ಹತ್ತಿರಹತ್ತಿರ ಮೂರು ಟನ್. ಅಂದರೆ ಸಿಮೆಂಟಿನ ಅರವತ್ತು ಚೀಲ ಹಗಲೂ ರಾತ್ರಿ ಮೇಲೆ ಒಟ್ಟಿದಂತೆ. ತಾರಸಿಯ ಮೇಲೆ ಎರಡು ಸಾವಿರ ಲೀಟರಿನ ಕರಿಯ ಟಾಕಿ ಕೂರಿಸಿದರೆ, ತುಂಬಿದಾಗ ಇನ್ನೆರಡು ಟನ್ನು.

ಬೀಳಗಿಯಂಥ ಊರಿನಲ್ಲಿ ನಿಜವಾದ ಅಪಾಯ ತೂಗುಸೇತುವೆಗಳಿಂದಲ್ಲ, ಇಂಥ ಸೇರಿಕೆಗಳಿಂದ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಒಂದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ಹೋಟೆಲಿನ ಊಟದ ಕೋಣೆಗೆ 400. ಕುರ್ಚಿ ಕೂರಿಸದ, ಜನ ಒತ್ತಾಗಿ ನಿಲ್ಲುವ ಸಭಾಗೃಹಕ್ಕೆ 500. ಮನೆಯೆಂದು ಕಟ್ಟಿದ ಕಟ್ಟಡದ ಮೇಲಂತಸ್ತನ್ನು ಗೋಡೆ ಒಡೆದು ಊಟದ ಹಾಲ್ ಮಾಡಿದರೆ ನೆಲದ ಹೊಣೆ ಇಮ್ಮಡಿಯಾಯಿತು. ಗೋಡೆ ಹೋದದ್ದರಿಂದ ಆಸರೆಯೂ ಕಡಿಮೆಯಾಯಿತು. ಲಗ್ನದ ಕಾಲಕ್ಕೆ ತಾರಸಿಯ ಮೇಲೆ ಪೆಂಡಾಲು ಹಾಕಿ ಪಂಕ್ತಿ ಕೂರಿಸಿದರೆ ಮತ್ತೂ ಒಂದು ಮಾತು. ಎರಡಂತಸ್ತಿಗೆ ಹಾಕಿದ ಪಾಯದ ಮೇಲೆ ವ್ಯಾಪಾರ ಕುದುರಿತೆಂದು ಮೂರನೆಯದು, ನಾಲ್ಕನೆಯದು ಏರಿಸುವುದಂತೂ ಎಲ್ಲ ಊರುಗಳಲ್ಲೂ ಕಾಣುವ ನೋಟ.

ಕರ್ನಾಟಕ ಇದರ ಬೆಲೆ ತೆತ್ತಿಲ್ಲವೆಂದಲ್ಲ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಪೂರ್ತಿಯಾಗದ ಬಹುಮಹಡಿ ಕಟ್ಟಡ ಕುಸಿದಾಗ 19 ಜನ ಸತ್ತರು. ಮೇಲೆ ಕೆಲಸ ನಡೆಯುತ್ತಿದ್ದರೂ ಕೆಳಗೆ ಅಂಗಡಿಗಳು ತೆರೆದಿದ್ದವು. ಕೆಡವದೆಯೂ ಕೊಲ್ಲುವ ದೋಷಗಳಿವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸಿನಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತರು. ಕಟ್ಟಡ ಗಟ್ಟಿಯಾಗಿಯೇ ನಿಂತಿತ್ತು. ಹೊಗೆಯಿಂದ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿರಲಿಲ್ಲ. ಅಕ್ಕಿ ಚೀಲ, ಖಾಲಿ ಸಿಲಿಂಡರು ಒಟ್ಟಿದ ಜಿನೆಯನ್ನು ಕಂಡಾಗಲೆಲ್ಲ ಇದು ನೆನಪಾಗಬೇಕು.

ಇನ್ನು ಕಾಲಕೆಳಗಿನ ಮಣ್ಣು. ಎರೆಹೊಲದ ರೈತನಿಗೆ ಇದರ ಗುಣ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಕಣಗಳು ಹಾಳೆ ಹಾಳೆಯಾಗಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಆ ತಳ್ಳುವಿಕೆಗೆ ಹಗುರ ಕಟ್ಟಡವನ್ನು ಮೇಲೆತ್ತುವ ಶಕ್ತಿಯಿದೆ. ಮಣ್ಣನ್ನು ಪರೀಕ್ಷಿಸುವುದೂ ಸುಲಭ. ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ನೂರು ಮಿಲಿಲೀಟರಿನ ಅಳತೆಯ ಜಾಡಿಯಲ್ಲಿ ನೀರಿಗೆ ಹಾಕಿ. ಅಷ್ಟೇ ಮಣ್ಣನ್ನು ಇನ್ನೊಂದರಲ್ಲಿ ಚಿಮಣಿ ಎಣ್ಣೆಗೆ ಹಾಕಿ. (ಎಣ್ಣೆ ಈಗ ಸಿಗುವುದೇ ಕಷ್ಟವೆನ್ನಿ.) ಇಪ್ಪತ್ತನಾಲ್ಕು ಗಂಟೆ ಅಲುಗಿಸದೆ ಬಿಡಬೇಕು. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದು ಎಣ್ಣೆಯಲ್ಲಿರುವುದಕ್ಕಿಂತ ಶೇಕಡಾ 50ಕ್ಕೂ ಮೀರಿ ಉಬ್ಬಿದರೆ ಆ ಜಾಗದ ಪಾಯದ ಬಗ್ಗೆ ಗೌಂಡಿಯೊಬ್ಬನ ಮಾತು ಸಾಲದು, ಬಲ್ಲವರನ್ನು ಕೇಳಬೇಕು.

ಇದಕ್ಕೆ ಉಪಾಯ ದೂರದಲ್ಲಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಗೂಟಗಳ ಪಾಯ ಹಲವು ದಶಕಗಳಿಂದ ಎರೆಭೂಮಿಯಲ್ಲಿ ಬಳಕೆಯಲ್ಲಿದೆ. ಸುಮಾರು ಮೂರೂವರೆ ಮೀಟರಿನ ಆಳದಲ್ಲಿ ಮಣ್ಣಿಗೆ ಬೇಸಿಗೆ ಮಳೆಗಾಲದ ಭೇದ ತಟ್ಟುವುದಿಲ್ಲ. ಗಡ್ಡೆ ಅಲ್ಲಿ ಹಿಡಿದುಕೊಂಡರೆ ಮೇಲಿನ ಮಣ್ಣು ಉಬ್ಬಿದರೂ ಕಟ್ಟಡ ಏಳುವುದಿಲ್ಲ. ಗರಸು ಹತ್ತಿರದಲ್ಲೇ ಸಿಕ್ಕರೆ ಅಲ್ಲಿಯವರೆಗೆ ಅಗೆದು ಪಾಯ ಹಾಕುವುದೂ ಒಳ್ಳೆಯದೇ. ಹೋಟೆಲುಗಳಿಗೆ ಮಾತ್ರ ಇರುವ ಇನ್ನೊಂದು ತಾಪತ್ರಯವೆಂದರೆ ನೀರು. ಕೈತೊಳೆದ ನೀರು, ಪಾತ್ರೆ ತಿಕ್ಕಿದ ನೀರು ಹಿತ್ತಲಿನ ಗೋಡೆಯ ಬುಡದಲ್ಲಿ ವರ್ಷವಿಡೀ ಇಂಗುತ್ತದೆ. ಮುಂದಿನ ಭಾಗ ರಸ್ತೆಯ ಬಿಸಿಲಿಗೆ ಒಣಗಿರುತ್ತದೆ. ಒಂದೇ ಕಟ್ಟಡದ ಹಿಂಬದಿ ಉಬ್ಬಿದ ಮಣ್ಣಿನ ಮೇಲೆ, ಮುಂಬದಿ ಕುಗ್ಗಿದ ಮಣ್ಣಿನ ಮೇಲೆ. ಗೋಡೆ ಸೀಳದೆ ಏನು ಮಾಡೀತು? ಸಾವಿರಾರು ರೂಪಾಯಿಯ ಫರಸಿ ಹಾಕಿಸಿದವರು ನೂರಡಿ ದೂರಕ್ಕೆ ಒಂದು ಗಟಾರು ತೋಡಿಸಲು ಹಿಂದೆಮುಂದೆ ನೋಡುವುದು ಎಷ್ಟೋ ಕಡೆ ಕಾಣುತ್ತದೆ.

ಅವಸರದ ಮಾತನ್ನೂ ಹೇಳಬೇಕು. ಉದ್ಘಾಟನೆಯ ಮುಹೂರ್ತ ಮೊದಲು ನಿಶ್ಚಯವಾಗುತ್ತದೆ, ಸ್ಲ್ಯಾಬು ಆಮೇಲೆ ಬೀಳುತ್ತದೆ. ಸಿಮೆಂಟಿಗೆ ಪಂಚಾಂಗ ತಿಳಿಯದು. ಅದು ನೀರಿನೊಡನೆ ಕೂಡಿ ಗಟ್ಟಿಯಾಗುವ ರಾಸಾಯನಿಕ ಕ್ರಿಯೆ ದಿನಗಟ್ಟಲೆ ನಡೆಯುವಂಥದು. ಕನಿಷ್ಠ ಏಳು ದಿನ, ಈ ಕಡೆಯಂಥ ಒಣ ಬಿಸಿಲಿದ್ದರೆ ಹತ್ತು ದಿನ ಅದನ್ನು ಹಸಿಯಾಗಿ ಇಡಬೇಕೆನ್ನುತ್ತದೆ ನಮ್ಮ ಮಾನಕ. ಅಗಲವಾದ ಹಾಲಿನ ಸ್ಲ್ಯಾಬಿಗೆ ಕೊಟ್ಟ ಆಸರೆಗಳನ್ನು ಹದಿನಾಲ್ಕು ದಿನಕ್ಕಿಂತ ಮೊದಲು ತೆಗೆಯಬಾರದು, ಉದ್ದ ತೊಲೆಗಳದನ್ನು ಇಪ್ಪತ್ತೊಂದು ದಿನದವರೆಗೆ. ಇನ್ನು ಕಲಸುವಾಗ ಬುಟ್ಟಿಯಿಂದ ಸರಾಗ ಇಳಿಯಲೆಂದು ನೀರು ಸುರಿಯುವ ಅಭ್ಯಾಸ. ಒಂದು ಚೀಲ ಸಿಮೆಂಟಿಗೆ ಮೂವತ್ತು ಲೀಟರು ಮೀರಬಾರದು. ಹೆಚ್ಚಾದ ನೀರು ಆರಿಹೋಗಿ ಒಳಗೆ ಕಣ್ಣಿಗೆ ಕಾಣದ ಪೊಳ್ಳುಗಳನ್ನು ಬಿಡುತ್ತದೆ. ಮೇಲೆ ಗಿಲಾವು ಮಾಡಿ ಬಣ್ಣ ಬಳಿದ ಮೇಲೆ ಪರೀಕ್ಷಿಸುವುದು ದೊಡ್ಡ ಯಂತ್ರಗಳಿಗೇ ಸರಿ.

ಆದರೂ ಗೋಡೆ ಮಾತನಾಡುತ್ತದೆ. ಗಿಲಾವಿನ ಮೇಲೆ ಜೇಡನ ಬಲೆಯಂತೆ ಹಬ್ಬಿದ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ, ಒಂದು ತುದಿಗೆ ಅಗಲವಾದ ಬಿರುಕನ್ನು ನೋಡಿ ಸುಮ್ಮನಿರಬಾರದು. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚಿದರೆ ಅದು ಎರೆಮಣ್ಣಿನ ಕೆಲಸ. ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕು ಬಿಟ್ಟು ಚಕ್ಕೆ ಏಳುತ್ತಿದ್ದರೆ ಆ ಕಟ್ಟಡದಲ್ಲಿ ರಾತ್ರಿ ಉಳಿಯಬಾರದು. ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯಲು ಎಂಜಿನಿಯರುಗಳು ಬಹಳ ಹಿಂದಿನಿಂದ ಮಾಡುವ ಒಂದು ಅಗ್ಗದ ಪರೀಕ್ಷೆಯಿದೆ. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗಳನ್ನು ಸಿಮೆಂಟಿನಿಂದ ಗೋಡೆಗೆ ಕೂರಿಸುತ್ತಾರೆ. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯುತ್ತಾರೆ. ಗಾಜು ಬಾಗುವುದಿಲ್ಲ, ಹಿಗ್ಗುವುದಿಲ್ಲ. ಶಾಲೆಯ ಗೋಡೆಯಾಗಲಿ, ಮನೆಯ ಗೋಡೆಯಾಗಲಿ, ವಾರಕ್ಕೊಮ್ಮೆ ಹೋಗಿ ನೋಡಿದರೆ ಸಾಕು. ಗಾಜು ಇಡಿಯಾಗಿದ್ದರೆ ಬಿರುಕು ಹಳೆಯದು. ಒಡೆದಿದ್ದರೆ ಗೋಡೆ ಇನ್ನೂ ನಡೆಯುತ್ತಿದೆ.